ಮೆಕ್ಸಿಕೋ ಮಾದರಿಯೂ ಬಿಕ್ಕೋಡಿನ ಮಂಡಿಯೂ

ನಮ್ಮ ವಲಯ ಫುಟ್‌ಬಾಲ್ ಸಂಘದ ಎರಡನೇ ದರ್ಜೆ ಲೀಗಿನ ಕಳೆದ ವರ್ಷದ ಹಂಗಾಮಿನಲ್ಲಿ ಬಿಕ್ಕೋಡು ತಂಡವು ಚಾಂಪಿಯನ್ ಆಗಿದ್ದು, ಸದರಿ ಕಾರಣಕ್ಕಾಗಿ ಆ ತಂಡವು ಆಡುವುದನ್ನು ನಿಲ್ಲಿಸಲಾಯಿತು ಎಂದು ಈ ಮೂಲಕ ತಿಳಿಯಪಡಿಸಲಾಗಿದೆ. ಇದರಲ್ಲಿ ನಗುವಂಥದ್ದು ಏನೂ ಇಲ್ಲ. ಸಂಘದ ಜಂಟಿ ಕಾರ್ಯದರ್ಶಿಯಾಗಿ ಎಲ್ಲ ನಿರ್ಣಯಗಳನ್ನೂ ನಾನೇ ಬರೆದವನು. ಬರೆಯುವಾಗ ನನಗೆ ನಗು ಬರಲಿಲ್ಲ. ಅರಸೀಕೆರೆ ಬಸ್ ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ ಕೂತು ಹಲ್ಲು ಕಿರಿಯುವವರಿಗೆ ಮಾಡಲು ಬೇರೆ ಕೆಲಸವಿಲ್ಲ. ಅವರಿಗಾಗಿ ನಡೆದದ್ದನ್ನು ನಡೆದ ಹಾಗೆ ಹೇಳಿಬಿಡುತ್ತೇನೆ.

ನಮ್ಮಲ್ಲಿ ಎರಡು ದರ್ಜೆ. ಮೊದಲನೇ ದರ್ಜೆಯಲ್ಲಿ ಇರುವುದು ಎರಡೇ ತಂಡ: ಅರಸೀಕೆರೆ ಮತ್ತು ಬೇಲೂರು. ಅರಸೀಕೆರೆಯದು ಸಂಘದ ಅಧ್ಯಕ್ಷ ಶಶಿಧರ್ ಅವರದು, ಬೇಲೂರಿನದು ಅವರ ಬೀಗರದು. ಸಂಬಂಧ ಕೆಡಬಾರದಲ್ಲ, ಹಾಗಾಗಿ ಒಂದು ವರ್ಷ ಇವರು ಗೆಲ್ಲುತ್ತಾರೆ, ಇನ್ನೊಂದು ವರ್ಷ ಅವರು. ಮಿಕ್ಕ ಹಳೇಬೀಡು, ಹಾರನಹಳ್ಳಿ, ಅರೇಹಳ್ಳಿ, ಬಿಕ್ಕೋಡು ಎಲ್ಲ ಎರಡನೇ ದರ್ಜೆ. ವ್ಯತ್ಯಾಸ ಇಷ್ಟೇ: ಮೊದಲನೇ ದರ್ಜೆಯ ಗೋಲಿಗೆ ಬಲೆ ಉಂಟು, ಎರಡನೆಯದಕ್ಕಿಲ್ಲ. ಸಂಘದ ಹತ್ತಿರ ಇರುವುದೇ ಒಂದು ಜೊತೆ ಬಲೆ. ಆದಕಾರಣ ನಿಯಮಾವಳಿಯಲ್ಲಿ ಸ್ಪಷ್ಟವಾಗಿ ಹೇಳಿದೆ: "ಎರಡನೇ ದರ್ಜೆಯಲ್ಲಿ ಗೋಲು ಬಿಟ್ಟ ಗೋಲ್‌ಕೀಪರನೇ ಹೋಗಿ ಚೆಂಡು ತರತಕ್ಕದ್ದು. ತರುವ ತನಕ ಉಳಿದವರು ಕೂತು ಸುಧಾರಿಸಿಕೊಳ್ಳತಕ್ಕದ್ದು."

ಬಿಕ್ಕೋಡಿನ ಗೋಲ್‌ಕೀಪರ್ ರಘು. ಎಸ್ಟೇಟಿನಲ್ಲಿ ಜೀಪು ಓಡಿಸುತ್ತಾನೆ. ಮೀಸೆ ಮೂಡುವ ಮೊದಲೇ ಗೋಲಿನಲ್ಲಿ ನಿಂತವನು, ಈಗ ಮೀಸೆಯಲ್ಲಿ ಬೆಳ್ಳಿ ಕಾಣಿಸಿಕೊಂಡಿದೆ. ಅವರ ಮೈದಾನದ ಗೋಲಿನ ಹಿಂದೆ ಕಾಫಿ ತೋಟದ ಇಳಿಜಾರು. ಚೆಂಡು ಹೋಯಿತೆಂದರೆ ಹಳ್ಳದ ತನಕ ಹೋಯಿತೆಂದೇ ಅರ್ಥ. ಹಾರನಹಳ್ಳಿಯಲ್ಲಾದರೆ ರಾಗಿ ಹೊಲ. ಹೊಲದ ಒಡತಿ ಶಿವಗಂಗಮ್ಮ ಪೈರು ತುಳಿದವನ ವಂಶವನ್ನೆಲ್ಲ ಜಾಲಾಡಿದ ಮೇಲೆಯೇ ಚೆಂಡು ಕೊಡುವುದು. ಹಳೇಬೀಡಿನಲ್ಲಿ ಕೆರೆ. ಈಜು ಬಾರದವನನ್ನು ಹಳೇಬೀಡಿನವರು ಗೋಲಿಗೆ ನಿಲ್ಲಿಸುವುದೇ ಇಲ್ಲ. ಹೀಗೆ ಹತ್ತಿ ಇಳಿದು, ಹಾರಿ ಈಜಿ, ರಘುವಿನ ಮಂಡಿ ಸವೆದುಹೋಗಿತ್ತು. ಇನ್ನು ಓಡಿದರೆ ಆಪರೇಷನ್ನೇ ಗತಿ ಎಂದು ಡಾಕ್ಟರು ಹೇಳಿಯಾಗಿತ್ತು.

"ಗೋಲು ಕಾಯಕ್ಕೆ ಹೋಗ್ತೀಯೋ, ಎಮ್ಮೆ ಹುಡುಕಕ್ಕೆ ಹೋಗ್ತೀಯೋ?" ಅಂತ ಅವನ ತಾಯಿ ಮಾದಮ್ಮ ಬಿಸಿನೀರಿನ ಬಟ್ಟೆ ಒತ್ತುತ್ತಾ ಬೈಯುತ್ತಿದ್ದರು. "ಸಾಕ್ಮಾಡ್ಲಾ, ಕಾಲು ಮಾಡಿಸ್ಕೊ."

"ಒಂದೇ ಒಂದು ಮ್ಯಾಚು ಕಣವ್ವ," ಅಂತಿದ್ದ ರಘು. "ಬಲೆ ಇರೋ ಗೋಲಿನಾಗೆ ಒಂದೇ ಒಂದು ಮ್ಯಾಚು ನಿಂತ್ಕೋಬೇಕು. ಗೋಲು ಬಿದ್ರೂ ಬೀಳ್ಳಿ. ತಿರುಗಿ ನೋಡಿದ್ರೆ ಚೆಂಡು ಅಲ್ಲೇ ಇರ್ಬೇಕು."

ಇಂಥ ಸಣ್ಣ ಆಸೆಗಳೇ ಸಂಘ ಸಂಸ್ಥೆಗಳಿಗೆ ದೊಡ್ಡ ತಲೆನೋವು ತರುವುದು. ನಮ್ಮ ಹಳೆಯ ನಿಯಮದಂತೆ ಎರಡನೇ ದರ್ಜೆಯಲ್ಲಿ ಗೆದ್ದವರು ಮೊದಲನೆಯದಕ್ಕೆ ಹೋಗಬೇಕು. ಆ ತೊಂದರೆ ಅಲ್ಲಿಯವರೆಗೆ ಬಂದಿರಲಿಲ್ಲ. ಪ್ರತಿ ವರ್ಷ ಸರಿಯಾಗಿ ಫೈನಲ್ ಹೊತ್ತಿಗೆ ಮಳೆ ಬಂದು ಹಂಗಾಮು ರದ್ದಾಗುತ್ತಿತ್ತು. ಕಳೆದ ವರ್ಷ ಮಳೆ ಕೈಕೊಟ್ಟಿತು. ಬಿಕ್ಕೋಡು ಗೆದ್ದೇಬಿಟ್ಟಿತು.

ಮಾರನೆಯ ಬೆಳಿಗ್ಗೆಯೇ ರಘು ಅಧ್ಯಕ್ಷರ ಗೋದಾಮಿಗೆ ಬಂದ. ಶಶಿಧರ್ ಕೊಬ್ಬರಿ ವ್ಯಾಪಾರಿ. ದಿನಾ ಹರಾಜಿನ ಹೊತ್ತಾಗುವ ತನಕ ಮೂಟೆಗೆ ಒರಗಿ ಮೊಬೈಲಿನಲ್ಲಿ ಮೆಕ್ಸಿಕೋದ ಎರಡನೇ ದರ್ಜೆ ಲೀಗಿನ ಒಂದು ಹಳೆಯ ಹಂಗಾಮನ್ನು ಮೊದಲಿಂದ ಕೊನೆಯವರೆಗೆ ನೋಡಿದ್ದರು. ದೇಶದಲ್ಲಿ ಬೇರೆ ಯಾರೂ ನೋಡಿರಲಿಕ್ಕಿಲ್ಲ.

"ಮೆಕ್ಸಿಕೋದಲ್ಲಿ ಏನ್ ಮಾಡ್ತಾರೆ ಗೊತ್ತೇನಪ್ಪಾ ರಘು?" ಎಂದರು. "ಒಂದೇ ವರ್ಷದಲ್ಲಿ ಎರಡೆರಡು ಸಲ ಚಾಂಪಿಯನ್ ಮಾಡ್ತಾರೆ. ಗೆದ್ದವರು ಕುಣೀತಾರೆ, ಅಳ್ತಾರೆ, ಕಪ್ಪಿಗೆ ಮುತ್ತು ಕೊಡ್ತಾರೆ. ಆಮೇಲೆ ಎಲ್ಲಿಗೆ ಹೋಗ್ತಾರೆ ಹೇಳು?"

"ಮೊದಲ್ನೇ ದರ್ಜೆಗೆ?"

"ಮನೆಗೆ! ಬಡ್ತಿ ಕೊಡೋದನ್ನೇ ನಿಲ್ಲಿಸಿಬಿಟ್ಟಿದ್ದಾರೆ ಕಣಯ್ಯಾ. ಅದು ಇಂಟರ್‌ನ್ಯಾಷನಲ್ ಪದ್ಧತಿ."

ರಘು ಒಂದು ಹೆಜ್ಜೆ ಮುಂದೆ ಬಂದ. "ಅವರ ಗೋಲಿಗೆ ಬಲೆ ಐತಾ ಸಾರ್?"

"ಇಲ್ದೆ ಏನು? ಒಳ್ಳೇ ಬಲೆ."

"ಹಂಗಾದ್ರೆ ಅವರು ಮನೇಗೆ ಹೋಗ್ಲಿ ಬಿಡಿ ಸಾರ್. ನಮಗೆ ಇಲ್ವಲ್ಲ."

ಅಧ್ಯಕ್ಷರು ಮತ್ತೆ ಮೊಬೈಲಿನತ್ತ ತಿರುಗಿದರು. ಅಲ್ಲೇ ಕಾಯಿ ರಾಶಿಯ ಪಕ್ಕ ಕೂತಿದ್ದ ಅವರ ದೊಡ್ಡಪ್ಪ ಕರಿಬಸವಯ್ಯನವರಿಗೆ ಮಾತ್ರ ಅಯ್ಯೋ ಅನ್ನಿಸಿತು. ಇವರು ನಮ್ಮ ತಾಂತ್ರಿಕ ಸಮಿತಿಯ ಅಧ್ಯಕ್ಷರು. ಫುಟ್‌ಬಾಲ್ ನೋಡಿದವರಲ್ಲ, ಆದರೆ ಜೀವಮಾನವಿಡೀ ಉಂಡೆ ಕೊಬ್ಬರಿಯ ಗುಣ ನೋಡಿದವರು. ಗುಂಡಗಿರುವುದನ್ನು ಪರೀಕ್ಷೆ ಮಾಡುವುದರಲ್ಲಿ ಅವರಷ್ಟು ಅನುಭವ ನಮ್ಮ ಸಂಘದಲ್ಲಿ ಬೇರೆಯವರಿಗಿಲ್ಲ.

"ಗೆದ್ದು ಬಂದಿರೋ ಮಗನಿಗೆ ಪೂರ್ತಿ ಇಲ್ಲ ಅನ್ಬಾರದು ಕಣೋ ಶಶಿ," ಎಂದರು. "ಹಂಗಂತ ತಕ್ಷಣ ಕೊಡೋಕೂ ಆಗಲ್ಲ. ಮರದಿಂದ ಕಿತ್ತ ದಿನವೇ ಕಾಯಿ ಕೊಬ್ಬರಿ ಆಗ್ತದಾ? ಅಟ್ಟಕ್ಕೆ ಹಾಕ್ಬೇಕು. ವರ್ಷ ಕಾಯಬೇಕು. ಒಳಗಿನ ನೀರೆಲ್ಲ ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು, ಅಲ್ಲಾಡಿಸಿದ್ರೆ ಕಟಕಟ ಅನ್ಬೇಕು. ಆವಾಗ ಅದು ಮಾಲು."

ಆಮೇಲೆ ಸೇರಿದ ಸಂಘದ ಸಭೆ ಇದನ್ನು ಒಕ್ಕೊರಲಿನಿಂದ ಒಪ್ಪಿತು. ನಾನು ಬರೆದ ನಿರ್ಣಯ ಹೀಗಿದೆ: "ಮೆಕ್ಸಿಕೋ ಮಾದರಿಯನ್ನು ಸ್ಥಳೀಯ ವಾಡಿಕೆಗೆ ಅನುಗುಣವಾಗಿ ಅಳವಡಿಸಿಕೊಂಡು, ಚಾಂಪಿಯನ್ ತಂಡವನ್ನು ಅಟ್ಟದ ಅವಧಿಗೆ ಒಳಪಡಿಸತಕ್ಕದ್ದು. ಈ ಅವಧಿಯಲ್ಲಿ ಆಟಗಾರರು ಆಡತಕ್ಕದ್ದಲ್ಲ, ಏಕೆಂದರೆ ಅಟ್ಟದ ಮೇಲಿನ ಕಾಯಿಯನ್ನು ಪದೇಪದೇ ಕದಲಿಸಬಾರದು. ಮಳೆಯಲ್ಲಿ ನೆನೆಯತಕ್ಕದ್ದಲ್ಲ, ಏಕೆಂದರೆ ತೇವ ತಗುಲಿದ ಕೊಬ್ಬರಿ ಕಪ್ಪಾಗುವುದು. ವರ್ಷ ತುಂಬಿದ ಮೇಲೆ ತಾಂತ್ರಿಕ ಸಮಿತಿಯು ಆಟಗಾರರನ್ನು ಅಲ್ಲಾಡಿಸಿ ನೋಡಿ, ಸದ್ದು ಬಂದವರನ್ನು ಮೊದಲನೇ ದರ್ಜೆಗೆ ಕಳಿಸತಕ್ಕದ್ದು."

ಬಿಕ್ಕೋಡಿನ ಹನ್ನೊಂದು ಮಂದಿ ಕೊಡೆ ಹಿಡಿದು ಓಡಾಡತೊಡಗಿದರು. ಅಲ್ಲಿ ಮಳೆ ಬರದ ದಿನ ಕಮ್ಮಿ. ಎಸ್ಟೇಟಿನವರು ಮೊದಮೊದಲು ಆಡಿಕೊಂಡರು, ಆಮೇಲೆ "ಅಟ್ಟದ ಹುಡುಗರು" ಅಂತ ಜೀಪಿನಲ್ಲಿ ಒಳಗಡೆ ಸೀಟು ಬಿಟ್ಟುಕೊಟ್ಟರು. ಇತ್ತ ಮೆಕ್ಸಿಕೋ ಮಾದರಿಯಂತೆ ಅದೇ ವರ್ಷದ ಎರಡನೇ ಚಾಂಪಿಯನ್‌ಶಿಪ್ ಶುರುವಾಯಿತು. ಗೆದ್ದರೆ ವರ್ಷವಿಡೀ ಆಟವಿಲ್ಲ ಎನ್ನುವುದು ಅಷ್ಟರಲ್ಲಿ ಎಲ್ಲರಿಗೂ ಅರ್ಥವಾಗಿತ್ತು. ಫೈನಲಿನಲ್ಲಿ ಹಳೇಬೀಡಿನವರೂ ಅರೇಹಳ್ಳಿಯವರೂ "ನೀವು ಹೊಡೀರಿ," "ಛೆ ಛೆ, ನೀವೇ ಹೊಡೀರಿ," ಎಂದು ಒಬ್ಬರಿಗೊಬ್ಬರು ಚೆಂಡು ದಾಟಿಸುತ್ತಾ ಸಂಜೆ ಮಾಡಿದರು. ಇಷ್ಟು ಸಭ್ಯ ಆಟವನ್ನು ನಾನು ಕಂಡಿಲ್ಲ. ಎರಡೂ ತಂಡಕ್ಕೆ ಶಿಸ್ತಿನ ಬಹುಮಾನ ಕೊಟ್ಟೆವು.

ವರ್ಷ ತುಂಬಿತು. ಕರಿಬಸವಯ್ಯನವರೂ ನಾನೂ ಬಿಕ್ಕೋಡಿಗೆ ಹೋದೆವು. ಹನ್ನೊಂದು ಜನ ಶಾಲೆ ಜಗುಲಿಯಲ್ಲಿ ಸಾಲಾಗಿ ನಿಂತರು. ಊರೇ ನೆರೆದಿತ್ತು. ಕರಿಬಸವಯ್ಯನವರು ಒಬ್ಬೊಬ್ಬರ ಭುಜ ಹಿಡಿದು, ಎದೆಗೆ ಕಿವಿ ಕೊಟ್ಟು, ಕಣ್ಣು ಮುಚ್ಚಿ ಅಲ್ಲಾಡಿಸುತ್ತಾ ಬಂದರು. ಫಾರ್ವರ್ಡ್ ಆಡುವ ಚೈತನ್ಯನಲ್ಲಿ ಏನೂ ಸದ್ದಿಲ್ಲ. "ಇನ್ನೂ ಎಳಸು," ಎಂದರು. ಪಕ್ಕದ ರಾಮಣ್ಣನ ಹೊಟ್ಟೆ ಗುಳುಗುಳು ಅಂದಿತು. "ಇವನಲ್ಲಿ ನೀರು ಹಂಗೇ ಐತೆ," ಎಂದರು. ಹತ್ತು ಜನ ಹೀಗೇ ಹೋದರು. ಕೊನೆಗೆ ರಘು. ಅಲ್ಲಾಡಿಸಿದರು, ಏನೂ ಇಲ್ಲ. ರಘುವಿನ ಮುಖ ಬಾಡಿಹೋಯಿತು. ನಿಂತಿರಲಾರದೆ ಅಲ್ಲೇ ಕುಕ್ಕರಗಾಲಲ್ಲಿ ಕುಸಿದ.

ಕಟಕಟ!

ಕರಿಬಸವಯ್ಯನವರು ಬೆಚ್ಚಿಬಿದ್ದರು. "ಏಳಪ್ಪ, ಎದ್ದೇಳು!" ರಘು ಎದ್ದ. ಕಟಕಟ. "ಇನ್ನೊಂದ್ಸಲ ಕೂತ್ಕೊ!" ಕೂತ. ಕಟಕಟ. ಹಿರಿಯರ ಕಣ್ಣಲ್ಲಿ ನೀರು ಬಂತು. "ಆಹಾ! ಇಂಥ ಸದ್ದು ಕೇಳಿ ಎಷ್ಟು ವರ್ಷ ಆಗಿತ್ತಪ್ಪಾ! ಒಂದನೇ ನಂಬರ್ ಮಾಲು ಕಣಯ್ಯಾ ನೀನು!"

ಮಾದಮ್ಮ ಮುಂದೆ ಬಂದರು. "ಅದು ಮಂಡಿ ಸವೆದಿರೋ ಸದ್ದು ಕಣ್ರಪ್ಪಾ. ಡಾಕ್ಟರು ಆಪರೇಷನ್ ಮಾಡ್ಬೇಕು ಅಂದವ್ರೆ."

"ಸದ್ದು ಎಲ್ಲಿಂದ ಬರ್ಬೇಕು ಅಂತ ನಿಯಮದಲ್ಲಿ ಹೇಳಿಲ್ಲ ತಾಯಿ," ಎಂದರು ಕರಿಬಸವಯ್ಯನವರು ನನ್ನ ಕಡೆ ನೋಡುತ್ತಾ. ನಿಜ, ಹೇಳಿರಲಿಲ್ಲ.

ಹೀಗೆ ಬಿಕ್ಕೋಡು ತಂಡದ ಪೈಕಿ ರಘು ಒಬ್ಬನೇ ಮೊದಲನೇ ದರ್ಜೆಗೆ ಬಡ್ತಿ ಪಡೆದ. ಅಧ್ಯಕ್ಷರು ಮನಸಾರೆ ಒಪ್ಪಿಗೆ ಕೊಟ್ಟರು. ಒಬ್ಬನಿಂದ ತಮ್ಮ ತಂಡಕ್ಕಾಗಲಿ, ಬೀಗರ ತಂಡಕ್ಕಾಗಲಿ ಏನೂ ಅಪಾಯ ಅವರಿಗೆ ಕಾಣಲಿಲ್ಲ.

ಅರಸೀಕೆರೆ ಮೈದಾನದಲ್ಲಿ ಪಂದ್ಯ ನಡೆಯಿತು. ಆ ಕಡೆ ಅರಸೀಕೆರೆಯ ಹನ್ನೊಂದು ಜನ, ಈ ಕಡೆ ಬಿಕ್ಕೋಡಿನ ರಘು. ಸದ್ದು ಬಾರದ ಅವನ ಹತ್ತು ಜನ ಜೊತೆಗಾರರು ಇನ್ನೂ ಅಟ್ಟದ ಅವಧಿಯಲ್ಲಿದ್ದುದರಿಂದ ಗೆರೆಯಾಚೆ ಕೊಡೆ ಬಿಚ್ಚಿಕೊಂಡು ಕೂತರು. ಗೋಲಾದ ಮೇಲೆ ಮಧ್ಯದಿಂದ ಮತ್ತೆ ಆಟ ಶುರು ಮಾಡಬೇಕಾದವರು ಬಿಕ್ಕೋಡಿನವರು. ಅಲ್ಲಿ ನಿಲ್ಲಲು ಜನವಿಲ್ಲದ್ದರಿಂದ ಆ ಹೊಣೆಯನ್ನೂ ಅರಸೀಕೆರೆಯವರೇ ದೊಡ್ಡ ಮನಸ್ಸು ಮಾಡಿ ಹೊತ್ತರು.

ಮೊದಲನೇ ಗೋಲು ಆಟ ಶುರುವಾದ ಕೂಡಲೇ ಬಿತ್ತು. ರಘು ಅಭ್ಯಾಸ ಬಲದಿಂದ ಕಂಬ ಬಳಸಿಕೊಂಡು ಹಿಂದಕ್ಕೆ ಓಡಿದ. ಎಲ್ಲರೂ ಗೊಳ್ಳೆಂದರು. ಅಷ್ಟು ದೂರ ಹೋದವನು ಗಕ್ಕನೆ ನಿಂತು ತಿರುಗಿ ನೋಡಿದ. ಚೆಂಡು ಬಲೆಯೊಳಗೇ ಇತ್ತು. ಮೆಲ್ಲಗೆ ನಡೆದುಕೊಂಡು ಬಂದು ಬಲೆಯನ್ನು ಬೆರಳಲ್ಲಿ ಮುಟ್ಟಿದ, ಬಗ್ಗಿ ಚೆಂಡು ಎತ್ತಿಕೊಂಡ, ಅದನ್ನು ಎದೆಗೆ ಅವಚಿಕೊಂಡು ಅತ್ತುಬಿಟ್ಟ. ನಾನೂ ಅಳಬಹುದಿತ್ತು, ಸಂಘದ ಪದಾಧಿಕಾರಿಯಾದ್ದರಿಂದ ಕೆಮ್ಮಿದೆ.

ಆಮೇಲೆ ಬಿದ್ದ ಗೋಲುಗಳ ಲೆಕ್ಕ ರೆಫರಿಗೂ ತಪ್ಪಿತು. ಅರಸೀಕೆರೆಯವರೇ ಹೊಡೆದು ಹೊಡೆದು ಸುಸ್ತಾಗಿ ನೀರು ಕೇಳಿದರು. ಪ್ರತಿ ಗೋಲಿಗೂ ರಘು ಹಿಂದಕ್ಕೆ ತಿರುಗಿ ನೋಡುವನು, ನಗುವನು, ಚೆಂಡು ಉರುಳಿಸುವನು. ಪಂದ್ಯದ ವರದಿಯಲ್ಲಿ ನಾನು "ಬಿಕ್ಕೋಡು ತಂಡವು ಉತ್ಸಾಹದಿಂದ ಭಾಗವಹಿಸಿತು" ಎಂದು ಬರೆದಿದ್ದೇನೆ. ಒಂದಕ್ಷರ ಸುಳ್ಳಿಲ್ಲ.

ಅಭಿನಂದನೆಯ ಹಾರ ತಲುಪಿಸಲು ರಘು, ಆಟ ನೋಡಲು ಬಂದಿದ್ದ ಮಾದಮ್ಮ ಇವರ ಜೊತೆ ಬಸ್ಸಿನಲ್ಲಿ ಬಿಕ್ಕೋಡಿಗೆ ನಾನೂ ಹೋದೆ. ದಾರಿಯಲ್ಲಿ ಮಾದಮ್ಮ ಕೇಳಿದರು. "ಎಷ್ಟ್ಲಾ ಬಿತ್ತು?"

"ಎಣಿಸ್ಲಿಲ್ಲ ಕಣವ್ವ. ಒಂದನ್ನೂ ಹುಡ್ಕಂಡು ಹೋಗ್ಲಿಲ್ಲ."

ಮಾದಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ಇನ್ನಾದರೂ ಆಪರೇಷನ್ ಮಾಡಿಸಿಕೊಳ್ಳಬಹುದಲ್ಲ ಎಂದು ನಾನು ಸಲಹೆ ಕೊಟ್ಟೆ. ಜೊತೆಗೆ, ಸದ್ದು ನಿಂತವರು ಎರಡನೇ ದರ್ಜೆಗೆ ವಾಪಸು ಎಂಬ ಹೊಸ ನಿಯಮವನ್ನೂ ತಿಳಿಸಿದೆ. ತಾಯಿ ಮಗ ಇಬ್ಬರೂ ತಲೆಯಾಡಿಸಿದರು. ನ್ಯಾಯವಾದ ನಿಯಮ ಎಂದರು.

ಬಿಕ್ಕೋಡು ಬಂತು. ರಘು ಸೀಟಿನಿಂದ ಎದ್ದ. ಮಾದಮ್ಮ ಅವನ ಕಾಲ ಹತ್ತಿರ ಕಿವಿ ತಂದು ಕೇಳಿಸಿಕೊಂಡರು. ಅವರ ಮುಖದಲ್ಲಿ ಚಿಂತೆ ಕಾಣಿಸಿತು.

"ಎಡಗಾಲು ಯಾಕೋ ಸದ್ದು ಕಮ್ಮಿ ಮಾಡ್ತೈತೆ ಕಣ್ಲಾ," ಎಂದರು. "ನಾಳೆಯಿಂದ ದಿನಾ ಒಂದಷ್ಟು ಹೊತ್ತು ಹಳ್ಳಕ್ಕೆ ಇಳಿದು ಹತ್ತು."