ಮಾವನ ಎಡಗಾಲಿನ ಹಡಗು

"ನನ್ನ ಎಡಗಾಲಿನ ಚಪ್ಪಲಿ ಎಲ್ಲಿ? ಅದು ಸಿಗೋವರೆಗೂ ನಾನು ಈ ಹೊಸಿಲು ದಾಟೋದಿಲ್ಲ!"

ಮಾವ ಬ್ಯಾಗನ್ನು ನೆಲಕ್ಕೆ ಕುಕ್ಕಿದ ಸದ್ದಿಗೆ, ಮನೆಗಳಿಗೆ ಬಣ್ಣ ಬಳಿಯುವ ಪೇಂಟರ ಅಳಿಯ ಬಾಗಿಲಿಗೆ ಓಡಿಬಂದ. ಎರಡು ದಿನಕ್ಕೆಂದು ಬಂದವರು ಬೇಸಿಗೆ ಪೂರ್ತಿ ಅವನ ಮಂಚದ ಮೇಲೆ ಗೊರಕೆ ಹೊಡೆದಿದ್ದರು. ಇವನು ಅಡುಗೆಮನೆಯಲ್ಲಿ ಗ್ಯಾಸ್ ಸಿಲಿಂಡರ್ ತಬ್ಬಿಕೊಂಡು ಮಲಗುತ್ತಿದ್ದ. ಇವತ್ತು ಮಧ್ಯಾಹ್ನದ ಬಸ್ಸಿಗೆ ಮಾವ ಹೊರಟಿದ್ದರು. ಅವನಿಗೂ ವಾರದ ರಜೆ. ಮಂಚದ ಮೇಲೆ ಕಾಲು ಚಾಚುವುದೊಂದೇ ಬಾಕಿ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಚಪ್ಪಲಿ ಎಲ್ಲಿದೆಯೆಂದು ಅವನಿಗೆ ಗೊತ್ತಿತ್ತು. ಬಚ್ಚಲಲ್ಲಿ ತೇಲುತ್ತಿತ್ತು.

ಎರಡು ವರ್ಷದ ಮಗ ನೀರು ಕಂಡರೆ ಬೆಕ್ಕಿನ ಮರಿಯಂತೆ ಗೋಡೆ ಹತ್ತುತ್ತಿದ್ದ. ಅವನನ್ನು ಪುಸಲಾಯಿಸಲು ಪೇಂಟರ ಬೆಳಿಗ್ಗೆ ಬಾಗಿಲ ಹಿಂದೆ ಸಿಕ್ಕ ಸವಕಲು ರಬ್ಬರ್ ಚಪ್ಪಲಿಯ ಬಾರು ಕಿತ್ತು, ತುದಿಯನ್ನು ಚೂಪಾಗಿ ಕೊಯ್ದು, ಬಾರಿನ ತೂತಿಗೆ ಖಾಲಿ ಪೆನ್ನು ಸಿಕ್ಕಿಸಿ, ಹಾಲಿನ ಕವರಿನ ಹಾಯಿ ಕಟ್ಟಿದ್ದ. ಹಡಗಿಗೆ ಹೇಳಿ ಮಾಡಿಸಿದ ಅಳತೆ ಎಂದು ಹಿಗ್ಗಿದನೇ ಹೊರತು, ಇಷ್ಟು ದೊಡ್ಡ ಕಾಲು ಈ ಮನೆಯಲ್ಲಿ ಯಾರದೆಂದು ಯೋಚಿಸಲಿಲ್ಲ. ಮಗ ಕೇಕೆ ಹಾಕಿ ಟಬ್ಬಿಗೆ ಇಳಿದಿದ್ದ.

"ನನ್ನ ಚಪ್ಪಲೀನೇ ಹಾಕ್ಕೊಂಡ್ಹೋಗಿ ಮಾವ."

ಮಾವನ ಪಾದ ಮೊರದಷ್ಟಗಲ. ತುರುಕಿದ ರಭಸಕ್ಕೆ ಅಳಿಯನ ಎರಡೂ ಚಪ್ಪಲಿಯ ಬಾರು ಪಟ್ಟೆಂದು ಕಿತ್ತುಬಂದವು.

ಗದ್ದಲ ಕೇಳಿ ಎದುರುಮನೆ ಅಜ್ಜಿ ಇಣುಕಿದಳು. "ನಾಯಿ ಕಚ್ಕೊಂಡ್ಹೋಯ್ತು ಅನ್ನಪ್ಪ," ಎಂದು ಪಿಸುಗುಟ್ಟಿದಳು. ಅವಳ ಪಿಸುಮಾತು ಬೀದಿಯ ತುದಿಗೂ ಕೇಳುವಂಥದ್ದು.

"ಯಾವ ನಾಯಿ?" ಮಾವ ಛತ್ರಿ ಎತ್ತಿದರು.

"ಮೇಲಿನ ಮನೇದು," ಎಂದುಬಿಟ್ಟ ಪೇಂಟರ.

ಮೇಲಿನ ಮನೆಯ ಟೈಲರ್ ಕತ್ತರಿ ಸಮೇತ ದಡದಡನೆ ಇಳಿದು ಬಂದ. "ನನ್ನ ನಾಯಿಗೆ ಒಂದು ಹಲ್ಲೂ ಇಲ್ಲ ಕಣಯ್ಯ! ಅನ್ನ ಕಲಸಿ ಬಾಯಿಗಿಡ್ತೀನಿ. ಬಾ, ಬಾಯಿ ಬಿಡಿಸಿ ತೋರಿಸ್ತೀನಿ!"

ಅಷ್ಟರಲ್ಲಿ ತಾಯಿಯ ಕೈಯಿಂದ ಜಾರಿಕೊಂಡು, ಬೆತ್ತಲೆ, ನೀರು ಸುರಿಸುತ್ತ ಮಗ ಓಡಿಬಂದ. ಎರಡೂ ಕೈಯಲ್ಲಿ ಹಡಗು.

"ತಾತಾ, ದೋಣಿ!"

ಟೈಲರ್ ಕತ್ತರಿ ಕೆಳಗಿಳಿಸಿದ. ಮಾವ ಹಡಗನ್ನು ತಿರುಗಿಸಿ ತಮ್ಮ ಹಿಮ್ಮಡಿಯ ಗುಳಿಯನ್ನು ಗುರುತು ಹಿಡಿದರು. ಪೇಂಟರ ಕಣ್ಣು ಮುಚ್ಚಿಕೊಂಡ.

"ಇದು ತೇಲುತ್ತಾ?"

"ತೇಲುತ್ತೆ ಮಾವ."

ಮಾವ ಒಂಟಿಯಾಗಿ ಉಳಿದಿದ್ದ ಬಲಗಾಲಿನ ಚಪ್ಪಲಿ ಎತ್ತಿ ಅಳಿಯನ ಕೈಗಿಟ್ಟರು. "ಇನ್ನೊಂದು ಮಾಡಿ. ನನಗೂ ಮೊಮ್ಮಗನಿಗೂ ದಿನಾ ಪಂದ್ಯ. ಇನ್ಮೇಲೆ ಇವನ ಸ್ನಾನ ನನ್ನ ಜವಾಬ್ದಾರಿ."

"ಬಸ್ಸು?" ಪೇಂಟರನ ದನಿ ಕೀರಲಾಯಿತು.

"ಬರಿಗಾಲಲ್ಲಿ ಎಂಥ ಬಸ್ಸು? ಊರಲ್ಲಿ ನನ್ನ ಕಾಯ್ತಿರೋದು ಕೆಲಸ ಒಂದೇ." ಬ್ಯಾಗು ಮಂಚದ ಕೆಳಗೆ ಸರಿಯಿತು.

"ರೀ, ಎಲ್ಲಿಗೆ ಹೊರಟ್ರಿ?" ಎಂದಳು ಹೆಂಡತಿ.

"ಚಪ್ಪಲಿ ತರೋಕೆ."

ಅಂಗಡಿ ಇದ್ದದ್ದು ಬಲಕ್ಕೆ. ಅವನ ಬರಿಗಾಲುಗಳು ಎಡಕ್ಕೆ, ಬಸ್‌ಸ್ಟ್ಯಾಂಡಿನ ಕಡೆಗೆ ತಿರುಗಿದವು. ಬಸ್ಸಿನಲ್ಲಿ ಮಾವನಿಗೆಂದು ಕಾದಿರಿಸಿದ್ದ ಕಿಟಕಿ ಸೀಟು ಖಾಲಿ ಇತ್ತು. ಒಂದು ಗಳಿಗೆ ಕೂತು ನೋಡಿದ. ಮೆತ್ತಗಿತ್ತು. ಒರಗಿದ. ಗೊರಕೆ ಶುರುವಾಯಿತು.

"ಏಳಪ್ಪಾ, ಕೊನೇ ಸ್ಟಾಪು!" ಕಂಡಕ್ಟರ್ ಭುಜ ಅಲುಗಿಸಿದ.

ಕಣ್ಣುಜ್ಜಿಕೊಂಡು ಇಳಿದರೆ ಮಾವನ ಊರು, ಎದುರಿಗೆ ಅತ್ತೆ. ಗಂಡ ಮನೆಗೆ ಬರುವ ದಾರಿಯಲ್ಲೇ ತಪ್ಪಿಸಿಕೊಂಡಾರೆಂದು ಏಣಿ, ಸುಣ್ಣದ ಬಕೆಟ್ಟು ಎರಡನ್ನೂ ಬಸ್‌ಸ್ಟಾಪಿಗೇ ತಂದಿದ್ದರು.

"ಅವರು ಬರಲಿಲ್ವಾ? ಮನೆಗೆ ಸುಣ್ಣ ಬಳೀರಿ ಅಂದ ದಿನ ಓಡಿಹೋದ ಮನುಷ್ಯ!" ಎಂದವರು ಅಳಿಯನನ್ನು ಅಡಿಯಿಂದ ಮುಡಿವರೆಗೂ ನೋಡಿದರು. ಮುಖ ಮೊರದಗಲವಾಯಿತು. "ಹೋಗ್ಲಿ, ನೀವೇ ಬಂದ್ರಲ್ಲ. ಬರಿಗಾಲಲ್ಲಿ ಬಂದಿದ್ದು ಇನ್ನೂ ಒಳ್ಳೇದಾಯ್ತು. ಸುಣ್ಣ ಬಿದ್ದು ಚಪ್ಪಲಿ ಹಾಳಾಗೋದು ತಪ್ಪಿತು. ಏಣಿ ಎತ್ಕೊಳ್ಳಿ."