ನೀಲಿ ವ್ಯಾನಿನ ನಿಟ್ಟುಸಿರು

ಪೇಂಟರನಿಗೆ 'ಇಲ್ಲ' ಎಂಬ ಪದ ಬರೆಯಲು ಬರುತ್ತಿತ್ತು, ಹೇಳಲು ಬರುತ್ತಿರಲಿಲ್ಲ. 'ಒಳಗೆ ಪ್ರವೇಶವಿಲ್ಲ', 'ವಾಹನ ನಿಲ್ಲಿಸುವಂತಿಲ್ಲ' ಎಂದು ಊರಿನ ಅರ್ಧ ಗೋಡೆಗಳ ಮೇಲೆ ಗದರುತ್ತಿದ್ದದ್ದು ಅವನದೇ ದಪ್ಪ ಅಕ್ಷರಗಳು. ಆದರೆ ಭಾನುವಾರ ಬೆಳಿಗ್ಗೆ ಯಾರಾದರೂ ಬಾಗಿಲು ತಟ್ಟಿ, ಸ್ವಲ್ಪ ವ್ಯಾನು ತೆಗೀತೀರಾ ಎಂದರೆ, ಅವನ ನಾಲಿಗೆ ತೊಳೆಯದೆ ಬಿಟ್ಟ ಬ್ರಶ್ಶಿನ ಹಾಗೆ ಗಟ್ಟಿಯಾಗಿಬಿಡುತ್ತಿತ್ತು. ಬೀದಿಗೆಲ್ಲ ಅದೊಂದೇ ವ್ಯಾನು. ಯಾರದೋ ಮಂಚ, ಯಾರದೋ ಬಾಣಂತಿ ಮಗಳು, ಯಾರದೋ ಮುನಿಸಿಕೊಂಡ ಅಳಿಯ, ಎಲ್ಲವೂ ಅದರಲ್ಲೇ ಸಾಗಬೇಕು. ಏಣಿ ಮತ್ತು ಬೋರ್ಡು ಹೊರಲೆಂದು ಕೊಂಡ ಆ ಹಳೆಯ ಡೀಸೆಲ್ ಗಾಡಿ ಕೊನೆಗೆ ಹೊತ್ತೊಯ್ದದ್ದು ಅವನ ಭಾನುವಾರದ ನಿದ್ದೆಯನ್ನು.

ಹಾಗಾಗಿ ಅವನು ವ್ಯಾನು ಮಾರಲು ನಿರ್ಧರಿಸಿದ. ಸುದ್ದಿ ಕೇಳಿ ಬೀದಿಯೇ ಅಳುತ್ತದೆ ಅಂದುಕೊಂಡಿದ್ದ. ಯಾರೂ ಅಳಲಿಲ್ಲ. ಎದುರುಮನೆಯ ನಿವೃತ್ತ ಬಸ್ ಡ್ರೈವರು, ಎಲ್ಲರ ಬಾಯಲ್ಲೂ ಡ್ರೈವರ್ ಮಾವ, ತಾನೇ ಓಡಾಡಿ ಒಬ್ಬ ಗಿರಾಕಿಯನ್ನೂ ಹುಡುಕಿ ಬಂದ. ಬ್ಯಾಂಡ್ ಮೇಷ್ಟ್ರಂತೆ, ಡ್ರಮ್ಮು ಕಹಳೆ ಸಾಗಿಸಲು ಗಾಡಿ ಬೇಕಂತೆ, ಭಾನುವಾರ ಸಂಜೆ ಬಂದು ಓಡಿಸಿ ನೋಡಿ ಒಯ್ಯುತ್ತಾರಂತೆ. ಪೇಂಟರನಿಗೆ ಮಾವನ ಕಾಲು ಹಿಡಿಯುವಷ್ಟು ಸಂತೋಷವಾಯಿತು. ವಾರವಿಡೀ ಕೂತು ವ್ಯಾನಿಗೆ ನೀಲಿ ಬಣ್ಣ ಬಳಿದ. ಶನಿವಾರ ಮರ್ಯಾದೆಗೆಂದು ಟ್ಯಾಂಕಿನ ಕುತ್ತಿಗೆಯವರೆಗೆ ಡೀಸೆಲ್ ತುಂಬಿಸಿ, ಕೊನೆಯದಾಗಿ ಟ್ಯಾಂಕಿನ ಮುಚ್ಚಳಕ್ಕೂ ಎರಡು ಕೋಟು ಎಳೆದು, ದೂರ ನಿಂತು ನೋಡಿದ. ಮದುಮಗನ ಹಾಗೆ ಹೊಳೆಯುತ್ತಿತ್ತು.

ಭಾನುವಾರ ಬೆಳಿಗ್ಗೆ ಒಂದು ಸುತ್ತು ಹೊಡೆಯೋಣ ಎಂದು ಹೊರಟರೆ, ಮದುಮಗ ಶಾಲೆಯ ಗೋಡೆಯವರೆಗೆ ಹೋಗಿ, ಎರಡು ಸಲ ಬಿಕ್ಕಿ, ನಿಂತುಬಿಟ್ಟ. ಡೀಸೆಲ್ ಎಂಜಿನ್ ನಿಂತ ಮೇಲಿನ ಮೌನ ಬೇರೆಯೇ ಬಗೆಯದು. ಅಷ್ಟು ಹೊತ್ತು ಗಲಾಟೆ ಮಾಡಿದವರು ಇದ್ದಕ್ಕಿದ್ದಂತೆ ಮುಖ ತಿರುಗಿಸಿ ಕೂತ ಹಾಗೆ. ಆ ಮೌನದಲ್ಲಿ ಪೇಂಟರ್ ತನ್ನ ಮುಂದಿನ ಭಾನುವಾರಗಳನ್ನೆಲ್ಲ ಒಂದೊಂದಾಗಿ ಕಂಡ.

ಮೌನ ಮುಗಿಯುವ ಮೊದಲೇ ಡ್ರೈವರ್ ಮಾವ ಹಾಜರಾದ. ಕೈಯಲ್ಲಿ ಒಂದು ಕೋಲು. ವ್ಯಾನಿನ ಡೀಸೆಲ್ ಮಟ್ಟ ತೋರಿಸುವ ಮುಳ್ಳು ಯಾವ ಕಾಲದಲ್ಲೋ ಸತ್ತಿತ್ತು. ಸತ್ತಿರದಿದ್ದರೂ ಮಾವ ಅದನ್ನು ನಂಬುತ್ತಿರಲಿಲ್ಲ. ಸರ್ವಿಸ್ ಪೂರ್ತಿ ಟ್ಯಾಂಕಿಗೆ ಕೋಲು ಅದ್ದಿ ನೋಡದೆ ಗಾಡಿ ಮುಟ್ಟಿದವನಲ್ಲ. ಮುಚ್ಚಳ ತಿರುಗಿಸಿದ. 'ಉಸ್ಸ್' ಎಂದಿತು.

"ನಿಟ್ಟುಸಿರು ಬಿಡ್ತಾ ಇದೆ ನೋಡು. ಪಾಪ, ವಯಸ್ಸಾಯ್ತು ಅದಕ್ಕೂ," ಎಂದು ಕೋಲು ಅದ್ದಿ ತೆಗೆದ. ಡೀಸೆಲ್ ಬೇಕಾದಷ್ಟಿತ್ತು. "ಹಾಗಾದ್ರೆ ಲೈನಿಗೆ ಗಾಳಿ ಸೇರಿದೆ. ನನ್ ಕಣ್ಣಿಗೆ ಪೊರೆ ಬಂದಿರಬಹುದು, ಕಿವಿಗೆ ಬಂದಿಲ್ಲಪ್ಪ."

ಬಾನೆಟ್ ಎತ್ತಿಸಿ, ಪೈಪಿನ ನಟ್ಟು ಸಡಿಲಿಸಿ, ಕೈಪಂಪು ಒತ್ತಿ ಒತ್ತಿ ಗಾಳಿ ಹೊರಡಿಸಿದ. ವ್ಯಾನು ಹೊರಟಿತು. ಮಾವ ಮೀಸೆ ತಿರುವಿದ. ಎರಡನೆಯ ಸುತ್ತಿನಲ್ಲಿ ಅದೇ ಶಾಲೆಯ ಗೋಡೆ ಬಂತು, ಅದೇ ಬಿಕ್ಕು, ಅದೇ ಮೌನ.

ಈ ಸಲ ಮೂಲೆಮನೆಯ ಟೈಲರಮ್ಮ ಹೊಲಿಗೆ ಬಿಟ್ಟು ಎದ್ದು ಬಂದಳು. ಅವಳ ಪ್ರಕಾರ ಗಾಡಿಗೆ ಉಸಿರು ಕಟ್ಟುತ್ತಿತ್ತು. ತನ್ನ ಮಿಷನ್ನೂ ನೂಲಿನ ಧೂಳು ತುಂಬಿದಾಗ ಹೀಗೇ ಮಾಡುತ್ತದಂತೆ. ಏರ್ ಫಿಲ್ಟರ್ ಬಿಚ್ಚಿಸಿ, ತಪ್ಪು ಮಾಡಿದ ಮಗುವಿನ ಬೆನ್ನಿಗೆ ಗುದ್ದುವಂತೆ ಗೋಡೆಗೆ ಬಡಿದಳು. ಎದ್ದ ಧೂಳಿಗೆ ಪೇಂಟರನ ಹುಬ್ಬು ನರೆಯಿತು. ಮಾವ ಅಷ್ಟರಲ್ಲಿ ಅಭ್ಯಾಸಬಲದಿಂದ ಮತ್ತೆ ಮುಚ್ಚಳ ತೆಗೆದು ಕೋಲು ಅದ್ದಿದ್ದ. ಮತ್ತೆ 'ಉಸ್ಸ್'. ವ್ಯಾನು ಮತ್ತೆ ಹೊರಟಿತು. ಟೈಲರಮ್ಮ ಮಾವನ ಕಡೆ ತಿರುಗಿಯೂ ನೋಡಲಿಲ್ಲ. ಆ ನೋಡದಿರುವಿಕೆಯಲ್ಲೇ ಎಲ್ಲವೂ ಇತ್ತು.

ಮೂರನೆಯ ಸಲ ನಿಂತಾಗ ಔಷಧಿ ಅಂಗಡಿಯವನು ಬಂದು, ಕೈಕಟ್ಟಿ ನಿಂತು, ರೋಗಿಯನ್ನು ಕೇಳುವಂತೆ ಕೇಳಿದ: "ಎಷ್ಟು ದಿವಸದಿಂದ ಹೀಗಿದೆ? ಡೀಸೆಲ್ ಹಾಕೋಕೆ ಮುಂಚೆನೋ, ಹಾಕಿದ ಮೇಲೋ?"

ಹಾಕಿದ ಮೇಲೆ ಎಂದ ಪೇಂಟರ್.

"ಅಜೀರ್ಣ. ಫಿಲ್ಟರ್ ಕಟ್ಕೊಂಡಿದೆ."

ಡೀಸೆಲ್ ಫಿಲ್ಟರ್ ಬಿಚ್ಚಿದ್ದಾಯಿತು, ತೊಳೆದದ್ದಾಯಿತು, ಮರಳಿ ಕೂರಿಸಿದ್ದಾಯಿತು. ಪೇಂಟರನ ಮೈ ಗಾಡಿಯ ಮಸಿಯನ್ನೆಲ್ಲ ಹೀರಿಕೊಂಡಿತ್ತು, ಈಗ ಅವನನ್ನು ಹಳೆಯ ಎಂಜಿನ್ನೆಂದು ಮಾರಬಹುದಿತ್ತು. ಇಷ್ಟರ ನಡುವೆ ಮಾವ ಕೋಲು ಅದ್ದಿ, ಮುಚ್ಚಳವನ್ನು ವ್ಯಾನಿನ ನೆತ್ತಿಯ ಮೇಲಿಟ್ಟು ಮರೆತ. ಗಾಡಿ ಹೊರಟ ಕುಲುಕಿಗೆ ಅದು ಎಲ್ಲೋ ಉರುಳಿಹೋಯಿತು. ಹುಡುಕಲು ವ್ಯವಧಾನವಿಲ್ಲದೆ ಟೈಲರಮ್ಮ ಕೊಟ್ಟ ಬಟ್ಟೆಯ ಚೂರನ್ನು ಟ್ಯಾಂಕಿನ ಬಾಯಿಗೆ ತುರುಕಿದರು.

ವ್ಯಾನು ಶಾಲೆಯ ಗೋಡೆ ದಾಟಿತು. ಮಾರುಕಟ್ಟೆ ದಾಟಿತು. ಸುತ್ತಿನ ಮೇಲೆ ಸುತ್ತು ಹೊಡೆದರೂ ನಿಲ್ಲಲಿಲ್ಲ. ಯಾರಿಂದ ಸರಿಹೋಯಿತು ಎಂಬ ಜಗಳ ಶುರುವಾಯಿತು. ಪೇಂಟರ್ ಮಾತ್ರ ಸದ್ದಿಲ್ಲದೆ ಮುಚ್ಚಳ ಹುಡುಕಲು ಹೋದ.

ಅದು ಶಾಲೆಯ ಗೇಟಿನ ಬಳಿ ಹುಲ್ಲಿನಲ್ಲಿ ಬಿದ್ದಿತ್ತು. ಎತ್ತಿ ತಿರುಗಿಸಿ ನೋಡಿದವನಿಗೆ ಎಲ್ಲ ಹೊಳೆಯಿತು. ಮುಚ್ಚಳದ ನಡುವೆ ಮೊದಲು ಸಾಸಿವೆಯಷ್ಟು ಸಣ್ಣ ತೂತೊಂದಿತ್ತು. ತುಕ್ಕು ತಿಂದಿದೆ ಎಂದುಕೊಂಡು ಅದಕ್ಕೆ ಪುಟ್ಟಿ ತುಂಬಿ, ಉಜ್ಜಿ, ಮೇಲೆ ನೀಲಿ ಎಳೆದವನು ತಾನೇ. ಪೇಂಟರನ ಕೈ ಎಲ್ಲಿಯೂ ಒಂದು ತೂತನ್ನು ಸಹಿಸದು. ಒಳಗಿನ ಡೀಸೆಲ್ ಖರ್ಚಾದಷ್ಟು ಹೊರಗಿನ ಗಾಳಿ ಒಳಹೋಗಬೇಕಲ್ಲ. ಹೋಗಲು ಇದ್ದ ಒಂದೇ ಕಿಂಡಿಯನ್ನು ಅಂದವಾಗಿ ಮುಚ್ಚಿದ್ದ. ಮಾವ ಮುಚ್ಚಳ ತೆಗೆದಾಗಲೆಲ್ಲ ಗಾಡಿ ಬಿಟ್ಟದ್ದು ನಿಟ್ಟುಸಿರಲ್ಲ, ಎಳೆದುಕೊಂಡ ಉಸಿರು.

ಮೊಳೆಯಿಂದ ತೂತು ಬಿಡಿಸಿ, ಮುಚ್ಚಳ ಹಾಕಿ, ಬಾಯಿ ಮುಚ್ಚಿಕೊಂಡ. ಬೀದಿಯಲ್ಲಿ ಮೂವರು ಗೆದ್ದು ಸಂತೋಷವಾಗಿದ್ದರು. ನಾಲ್ಕನೆಯವನೊಬ್ಬ ಸೋತನೆಂದು ಸಾರಿ ಆಗಬೇಕಾದದ್ದೇನು?

ಸಂಜೆ ಬ್ಯಾಂಡ್ ಮೇಷ್ಟ್ರು ಬಂದರು. ಪಕ್ಕದ ಸೀಟಿನಲ್ಲಿ ಕೂತು, ಪೇಂಟರನಿಂದಲೇ ಊರೆಲ್ಲ ಸುತ್ತಿಸಿ, ಎಂಜಿನ್ನಿನ ತಾಳ ಚೆನ್ನಾಗಿದೆ ಎಂದು ಮೆಚ್ಚಿದರು. ದುಡ್ಡಿನ ಲಕೋಟೆ ಪೇಂಟರನ ಹೆಂಡತಿಯ ಕೈಸೇರಿತು. ಪೇಂಟರ್ ಕೀಲಿಕೈ ಕೊಟ್ಟ. ಎದೆಯ ಮೇಲಿಂದ ಯಾರೋ ಮಂಚ ಇಳಿಸಿದ ಹಾಗಾಯಿತು.

ಮೇಷ್ಟ್ರು ಕೀಲಿಕೈಯನ್ನು ಒಮ್ಮೆ ನೋಡಿ, ಮರಳಿ ಅವನ ಅಂಗೈಗೇ ಇಟ್ಟರು.

"ಇದು ನಿಮ್ಮ ಹತ್ರಾನೇ ಇರ್ಲಿ. ನಂಗೆ ಡ್ರೈವಿಂಗ್ ಬರಲ್ಲ."

ಪೇಂಟರ್ ಡ್ರೈವರ್ ಮಾವನತ್ತ ನೋಡಿದ. ಮಾವ ತನ್ನ ಕಣ್ಣಿನ ಪೊರೆಯತ್ತ ಬೆರಳು ತೋರಿಸಿ, ಹೊಸ ವ್ಯವಸ್ಥೆಯನ್ನು ನಿಧಾನವಾಗಿ ವಿವರಿಸಿದ. ಮೇಷ್ಟ್ರು ನಾಳೆಯಿಂದ ಮಾವನದೇ ಮಹಡಿಮನೆಗೆ ಬಾಡಿಗೆಗೆ ಬರುತ್ತಾರೆ. ಗಾಡಿ ಇದ್ದ ಜಾಗದಲ್ಲೇ ಇರುತ್ತದೆ. ಬೀದಿಯವರಿಗೆ ಬೇಕಾದಾಗ ಕೊಡಲು ಮೇಷ್ಟ್ರದೇನೂ ಅಭ್ಯಂತರವಿಲ್ಲ.

"ಓಡಿಸೋಕೆ ಯಾರಿದ್ದಾರೆ ಅಂತ ಇವರು ಕೇಳಿದ್ರು," ಎಂದ ಮಾವ. "ನಮ್ಮ ಪೇಂಟರ್ ಇದ್ದಾನೆ, ಯಾವತ್ತೂ ಇಲ್ಲ ಅಂದವನಲ್ಲ ಅಂದೆ. ತಪ್ಪಾ?"

ಇಲ್ಲ ಎನ್ನಲು ಇದಕ್ಕಿಂತ ಒಳ್ಳೆಯ ಗಳಿಗೆ ಇರಲಿಲ್ಲ. ಪೇಂಟರ್ ಬಾಯಿ ತೆರೆದ. ಗಾಳಿ ಹೊರಬಂತು, ಮಾತು ಬರಲಿಲ್ಲ.

ಭಾನುವಾರ ಬೆಳಕು ಹರಿಯುವ ಮೊದಲೇ ಮಹಡಿಯಲ್ಲಿ ಬ್ಯಾಂಡಿನ ಅಭ್ಯಾಸ, ಅದು ಮುಗಿದ ಕೂಡಲೇ ಹೊರಡಬೇಕು, ಹೇಗೂ ಆ ಸದ್ದಿಗೆ ನಿಮಗೆ ಎಚ್ಚರವಾಗಿರುತ್ತದೆ ಎಂದು ಮೇಷ್ಟ್ರು ವಿನಯದಿಂದ ತಿಳಿಸಿದರು. ಇದುವರೆಗೆ ಗಾಡಿ ಕೆಟ್ಟಿದೆ ಎಂದು ಸುಳ್ಳು ಹೇಳುವ ಒಂದು ಹಕ್ಕಾದರೂ ಅವನಿಗಿತ್ತು. ಈಗ ಗಾಡಿಯ ಜೊತೆ ಅದನ್ನೂ ಮಾರಿಯಾಗಿತ್ತು.

ಎಲ್ಲರೂ ಹೋದ ಮೇಲೆ ಪೇಂಟರ್ ಬಣ್ಣದ ಡಬ್ಬಿ ತಂದ. ತಳದಲ್ಲಿ ಇನ್ನೂ ಒಂದು ಚೂರು ನೀಲಿ ಉಳಿದಿತ್ತು. ಬ್ರಶ್ಶು ಅದ್ದಿ, ಟ್ಯಾಂಕಿನ ಮುಚ್ಚಳದ ಮುಂದೆ ಕೂತ. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಹೆಂಡತಿ, ಮಧ್ಯಾಹ್ನ ಅವನು ಮೊಳೆ ಹಿಡಿದು ಕೂತದ್ದನ್ನೂ ನೋಡಿದ್ದಳು.

"ಆ ತೂತು ಮುಚ್ಚಿದ್ರೆ ಗಾಡಿ ದಾರಿ ಮಧ್ಯೆ ನಿಲ್ಲುತ್ತೆ, ಅಲ್ವಾ?" ಎಂದು ಕೇಳಿದಳು.

ಅವನು ಹೌದೆಂದು ತಲೆಯಾಡಿಸಿದ.

"ಆಗ ಸ್ಟೀರಿಂಗ್ ಹಿಡ್ಕೊಂಡು ಕೂತಿರೋರು ಯಾರ್ರೀ?"

ಪೇಂಟರ್ ಬ್ರಶ್ಶು ಒರೆಸಿ, ಡಬ್ಬಿಯ ಮುಚ್ಚಳ ಹಾಕಿ, ಗಾಳಿಯಾಡದಂತೆ ಗಟ್ಟಿಯಾಗಿ ಒತ್ತಿದ.