ಕಿಟಕಿಯಲ್ಲಿ ಎರಡು ಕಾಲು

ಎಲ್ಲಾ ರಾದ್ಧಾಂತಕ್ಕೂ ಕಾರಣ ತೋಳಿಗೆ ಸುತ್ತುವ ಒಂದು ಪಟ್ಟಿ. ಬೀದಿಯ ತುದಿಯ ಕ್ಲಿನಿಕ್ಕಿನ ಡಾಕ್ಟರಮ್ಮ ಬೆಳಿಗ್ಗೆ ಅದನ್ನು ಸ್ಟೋರ್ ಮಾವನ ತೋಳಿಗೆ ಸುತ್ತಿ, ಗಾಳಿ ತುಂಬಿ, ಬಿಟ್ಟು, ನಂಬಿಕೆ ಬಾರದೆ ಇನ್ನೊಂದು ತೋಳಿಗೂ ಸುತ್ತಿ ನೋಡಿದರು.

“ಎರಡೂ ಕಡೆ ಅದೇ ಕಥೆ,” ಎಂದರು. “ಬೀಪಿ ಹೀಗೆ ಏರಿದ್ರೆ ಆಗಲ್ಲ ಮಾವ. ಇವತ್ತು ಮಧ್ಯಾಹ್ನ ಪೂರ್ತಿ ಮಲಗಿರಿ. ಯಾರ ಕೆಲಸಾನೂ ಮುಟ್ಟಕೂಡದು. ಸಂಜೆ ಬನ್ನಿ, ಮತ್ತೆ ನೋಡ್ತೀನಿ.”

“ಮುಟ್ಟಲ್ಲ,” ಎಂದು ಮಾವ ಎದ್ದರು. ಹೊರಡುವಾಗ ಕ್ಲಿನಿಕ್ಕಿನ ಬಾಗಿಲು ಕಿರ್ರೆಂದಿತು. ಮಾವ ನಿಂತರು. “ಇದಕ್ಕೆ ಒಂದು ತೊಟ್ಟು ಎಣ್ಣೆ ಬಿಟ್ರೆ...”

ಹೆಂಡತಿ ಅವರ ರಟ್ಟೆ ಹಿಡಿದು ಎಳೆದುಕೊಂಡು ಹೋದರು.

ಮಾವ ಗಿರಣಿಯ ಸ್ಟೋರಿನಲ್ಲಿ ನಟ್ಟು ಬೋಲ್ಟು ಕಾದು ನಿವೃತ್ತರಾದವರು. ಆ ಹಳೆಯ ಮೂರಂತಸ್ತಿನ ಕಟ್ಟಡದಲ್ಲಿ ಚಿಕ್ಕವರು ದೊಡ್ಡವರೆನ್ನದೆ ಎಲ್ಲರಿಗೂ ಅವರು ಸ್ಟೋರ್ ಮಾವ. ನಿವೃತ್ತರಾದ ಹೊಸತರಲ್ಲಿ ಅವರ ಮನೆಯ ಕರೆಗಂಟೆ ಒತ್ತುವವರೇ ಇರಲಿಲ್ಲ. ಕೆಟ್ಟುಹೋಗಿದೆಯೇನೋ ಎಂದು ಮಾವ ತಾವೇ ಹೊರಗೆ ಹೋಗಿ, ಒತ್ತಿ, ಕೇಳಿಸಿಕೊಂಡು ಒಳಗೆ ಬರುತ್ತಿದ್ದರು. ಹೆಂಡತಿ ಅದನ್ನು ಕಂಡೂ ಕಾಣದ ಹಾಗೆ ಇದ್ದುಬಿಡುತ್ತಿದ್ದರು.

ಆಮೇಲೊಂದು ದಿನ ಮೇಲಿನ ಮನೆಯ ಟೀಚರಮ್ಮ, “ನನ್ನ ಮರೆವು ನನಗೇ ಗೊತ್ತು, ಒಂದು ಕೀ ನಿಮ್ಮಲ್ಲಿರಲಿ ಮಾವ,” ಎಂದು ಕೊಟ್ಟರು. ಮಾವ ಅದಕ್ಕೊಂದು ಮೊಳೆ ಹೊಡೆದರು. ಒಂದು ಮೊಳೆ ಬೆಳೆದು ಹಲಗೆಯಾಯಿತು. ಈಗ ಕಟ್ಟಡದ ಅಷ್ಟೂ ಮನೆಗಳ ಬೀಗದಕೈಗಳು ಬಣ್ಣ ಬಣ್ಣದ ದಾರ ಕಟ್ಟಿಸಿಕೊಂಡು ಅಲ್ಲಿ ತೂಗುತ್ತಿದ್ದವು. ಬೀಗದಕೈಗಳ ಬೆನ್ನಿಗೇ ನೀರಿನ ಪಂಪು ಬಂತು. ಮಾವ ಹೋಗಿ ಬೆನ್ನು ತಟ್ಟದಿದ್ದರೆ ಅದು ನೀರೆತ್ತುತ್ತಿರಲಿಲ್ಲ. ಮೆಟ್ಟಿಲ ದೀಪ, ಗೇಟಿನ ಚಿಲಕ, ಜಗಳವಾಡಿದ ಅತ್ತೆ ಸೊಸೆಯರು, ಎಲ್ಲವೂ ರಿಪೇರಿಗೆ ಮಾವನ ಬಳಿಗೇ ಬಂದವು. ಕರೆಗಂಟೆಗೆ ಉಸಿರು ಬಿಡಲು ಪುರುಸೊತ್ತಿಲ್ಲದಂತಾಯಿತು. ಮಾವನಿಗೂ.

“ಕೇಳಿ,” ಎಂದರು ಹೆಂಡತಿ, ಮನೆಗೆ ಬಂದವರೇ ಹಲಗೆಯ ಮುಂದೆ ನಿಂತು. “ಸಂಜೆಗೆ ಬೀಪಿ ಇಳೀದೇ ಇದ್ರೆ ಈ ಹಲಗೆ ಕೆಳಗಡೆ ಮ್ಯಾನೇಜರ್ ಮನೆಗೆ ಹೋಗತ್ತೆ.”

ಮಾವನ ಮುಖ ಹಲ್ಲು ಕೀಳಿಸಿಕೊಳ್ಳಲು ಕುಳಿತವರಂತಾಯಿತು. ಕೆಳಮನೆಯ ಮ್ಯಾನೇಜರ್ ಬ್ಯಾಂಕಿನಿಂದ ನಿವೃತ್ತರಾದವರು. ಹಲಗೆಯ ಮೇಲೆ ಅವರಿಗೆ ಬಹಳ ದಿನದಿಂದ ಕಣ್ಣು. ಬೀಗದಕೈಗಳನ್ನು ಬೀರುವಿನಲ್ಲಿಟ್ಟು, ಬೇಕಾದವರಿಂದ ಅರ್ಜಿ ಬರೆಸಿಕೊಂಡು ಕೊಡಬೇಕೆಂಬುದು ಅವರ ಜೀವಮಾನದ ಕನಸು.

“ಅವರ ಮನೆಗೆ ಹೋದ್ರೆ ನಮ್ಮನೆಗೆ ಯಾರು ಬರ್ತಾರೆ?” ಎಂದರು ಮಾವ ಮೆಲ್ಲಗೆ.

ಹೆಂಡತಿ ದಿಂಬು ಕೊಡವಿ ಹಾಸಿಗೆಯ ಮೇಲಿಟ್ಟರು. “ಅದಕ್ಕೇ ಹೇಳ್ತಿರೋದು, ಮಲಗಿ ಅಂತ.”

ಊಟವಾದ ಮೇಲೆ ತಂಗಿಯ ಮನೆಗೆ ಹೊರಟ ಅವರು ಕರೆಗಂಟೆಯ ತಂತಿ ಬಿಚ್ಚಿದರು. ಮಾವನ ಮೊಬೈಲನ್ನು ತಮ್ಮ ಚೀಲಕ್ಕೆ ಹಾಕಿಕೊಂಡರು. “ಹೊರಗಿನಿಂದ ಬೀಗ ಹಾಕ್ಕೊಂಡು ಹೋಗ್ತಿದೀನಿ. ಕೇಳಿದವರಿಗೆಲ್ಲಾ ನೀವು ಪರ ಊರಿಗೆ ಹೋಗಿದೀರಿ ಅಂತ ಹೇಳಿದೀನಿ. ಕೆಮ್ಮಕೂಡದು.”

ಬೀಗ ಬಿದ್ದ ಸದ್ದಾಯಿತು. ಇಡೀ ಕಟ್ಟಡದ ಬೀಗದಕೈಗಳಿಗೆ ಒಡೆಯರಾದ ಮಾವ ತಮ್ಮದೇ ಮನೆಯ ಬೀಗದಕೈ ಇಲ್ಲದೆ ಒಳಗೆ ಉಳಿದರು.

ಮೊದಮೊದಲು ಹಿತವಾಗಿತ್ತು. ಮೊಣಕಾಲಿಗೆ ದಿಂಬು ಕೊಟ್ಟು, ಕಣ್ಣು ಮುಚ್ಚಿ, ಹೊಟ್ಟೆಯ ಮೇಲೆ ಕೈ ಕಟ್ಟಿ ಮಲಗಿದರು. ನಿದ್ದೆ ಇನ್ನೇನು ಹೊಸ್ತಿಲು ದಾಟಿ ಒಳಗೆ ಬರಬೇಕು, ಮೇಲಿನ ಮನೆಯಲ್ಲಿ ಧಡ್ ಎಂದು ಬಾಗಿಲು ಬಡಿದುಕೊಂಡಿತು.

“ಅಯ್ಯೋ! ಕೀ ಒಳಗೇ ಉಳೀತು!” ಟೀಚರಮ್ಮನ ಕೂಗು. “ಒಲೆ ಮೇಲೆ ಕುಕ್ಕರ್ ಇದೆ!”

ಮಾವ ಎದ್ದು ಕುಳಿತರು. ಮತ್ತೆ ಮಲಗಿದರು. ಮೇಲೆ ಕುಕ್ಕರ್ ಒಮ್ಮೆ ಕೂಗಿತು. ಮಾವ ಮತ್ತೆ ಎದ್ದರು.

ಮೆಟ್ಟಿಲ ಮೇಲೆ ದಡದಡ ಹೆಜ್ಜೆಗಳು ಅವರ ಬಾಗಿಲ ತನಕ ಬಂದು ನಿಂತವು. “ಛೆ, ಮಾವನ ಮನೆಗೆ ಬೀಗ! ನನ್ನ ಇನ್ನೊಂದು ಕೀ ಒಳಗಿದೆ.”

“ಇಷ್ಟು ವರ್ಷದಲ್ಲಿ ಒಂದಿನಾನೂ ಎಲ್ಲೂ ಹೋಗದೋರು ಇವತ್ತೇ ಹೋಗಬೇಕಾ?” ಇದು ಎದುರು ಮನೆಯ ಟೈಲರಣ್ಣ. “ಹಿಂದಿನ ಏಣಿ ಹತ್ತಿ ನಿಮ್ಮ ಬಾಲ್ಕನಿಯಿಂದ ಹೋದ್ರೆ?”

“ಬಾಲ್ಕನಿ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿದೀನಿ.”

“ನೋಡಿ, ಅದಕ್ಕೇ ನಾನು ಹೇಳೋದು,” ಮ್ಯಾನೇಜರ್ ದನಿ ನಿಧಾನವಾಗಿ ಮೆಟ್ಟಿಲೇರಿ ಬಂತು. “ಕೀಗಳು ಒಬ್ಬರ ಮನೆಯ ಮೊಳೆಗೆ ನೇತಾಡಬಾರದು. ಒಂದು ವ್ಯವಸ್ಥೆ ಅಂತ ಇರಬೇಕು.”

“ಮೊದಲು ಕುಕ್ಕರಿಗೆ ವ್ಯವಸ್ಥೆ ಮಾಡಿ ಸಾರ್!”

ಬಾಗಿಲ ಈಚೆಗೆ, ಒಂದು ಗೇಣಿನ ಅಂತರದಲ್ಲಿ, ಹಳದಿ ದಾರದ ಆ ಬೀಗದಕೈಯನ್ನೇ ಹಿಡಿದು ಮಾವ ಉಸಿರು ಬಿಗಿಹಿಡಿದು ನಿಂತಿದ್ದರು. ಬಾಗಿಲ ಸಂದಿಯಿಂದ ತೂರಿಸೋಣವೆಂದು ಬಗ್ಗಿದರು. ಜಿರಲೆ ಬರಬಾರದೆಂದು ಹೋದ ವಾರವಷ್ಟೇ ಅಲ್ಲಿ ತಾವೇ ರಬ್ಬರ್ ಪಟ್ಟಿ ಬಡಿದಿದ್ದರು. ಜಿರಲೆಯೂ ನುಸುಳದ ಹಾಗೆ ಬಡಿದಿದ್ದರು. ಒಂದು ಮಾತಾಡಿದರೆ ಹಲಗೆ ಮ್ಯಾನೇಜರ್ ಪಾಲು. ಆಡದಿದ್ದರೆ ಟೀಚರಮ್ಮನ ಅಡುಗೆಮನೆ ಬೂದಿಯ ಪಾಲು. ಕುಕ್ಕರ್ ಮತ್ತೆ ಕೂಗಿತು, ಮಾವನ ಕಿವಿಗೇ ಬಾಯಿಟ್ಟ ಹಾಗೆ.

ಅಡುಗೆಮನೆಯ ಬಾಲ್ಕನಿಗೆ ಓಡಿದರು. ಕೆಳಗೆ ಹಿತ್ತಲಿನಲ್ಲಿ ಬಟ್ಟೆ ಒಗೆಯುವ ಕಲ್ಲು. ಅದರ ಮೇಲೆ ಠಣ್ ಎಂದು ಬೀಳುವಂತೆ ಎಸೆದರೆ ಯಾರಾದರೂ ಬಂದು ನೋಡುತ್ತಾರೆ, ಹಳದಿ ದಾರ ಗುರುತಿಸುತ್ತಾರೆ, ಕೆಲಸ ಮುಗಿಯಿತು. ಮಾವ ಒಂದು ಕಣ್ಣು ಮುಚ್ಚಿ, ಗುರಿಯಿಟ್ಟು ಎಸೆದರು. ಬೀಗದಕೈ ಗಾಳಿಯಲ್ಲಿ ಒಂದು ಲಾಗ ಹಾಕಿ, ನೆಟ್ಟಗೆ ಮ್ಯಾನೇಜರ್ ಮನೆಯ ಕಿಟಕಿಯ ಸಜ್ಜಾದ ಮೇಲೆ ಬೆಕ್ಕಿನಂತೆ ಮೆತ್ತಗೆ ಕುಳಿತಿತು.

ಬಾಲ್ಕನಿಯ ಪಕ್ಕದಲ್ಲೇ ನೀರಿನ ಟ್ಯಾಂಕಿಗೆ ಹೋಗುವ ಕಬ್ಬಿಣದ ಏಣಿ. ಮಾವ ಅತ್ತ ನೋಡಿದರು, ಇತ್ತ ನೋಡಿದರು, ತಮ್ಮ ಮೊಣಕಾಲನ್ನು ನೋಡಿದರು. “ಸ್ವಲ್ಪ ಸಹಕರಿಸಪ್ಪಾ,” ಎಂದು ಅದಕ್ಕೆ ಹೇಳಿ, ಪೈಜಾಮ ಎತ್ತಿ ಕಟ್ಟಿ ಕಂಬಿ ದಾಟಿದರು. ಮೆಲ್ಲಗೆ ಇಳಿದು, ಏಣಿಯಿಂದ ಸಜ್ಜಾಕ್ಕೆ ಜರುಗಿ, ಅಂಚಿನಲ್ಲಿ ಕಾಲು ಇಳಿಬಿಟ್ಟು ಕುಳಿತು ಬೀಗದಕೈಯನ್ನು ಮುಷ್ಟಿಯಲ್ಲಿ ಹಿಡಿದರು. ಬಾಲ್ಯದಲ್ಲೂ ಇಷ್ಟು ಚೆನ್ನಾಗಿ ಹತ್ತಿ ಇಳಿದಿರಲಿಲ್ಲ ಎಂದು ಹೆಮ್ಮೆಯೂ ಆಯಿತು.

ಆ ಕಿಟಕಿಯ ಒಳಗೆ ಮ್ಯಾನೇಜರ್ ತಾಯಿ ಕುಳಿತಿದ್ದರು. ಅಜ್ಜಿಗೆ ಕಣ್ಣು ಮಂಜು, ಕಿವಿ ಮಂದ. ಗಂಟಲು ಮಾತ್ರ ಹೊಸದರಂತಿತ್ತು.

“ಲೋ! ಕಿಟಕಿಯಲ್ಲಿ ಎರಡು ಕಾಲು ಬಂದಿದೆ ಕಣೋ! ಕಳ್ಳ! ಕಳ್ಳ!”

ಮೆಟ್ಟಿಲ ಮೇಲಿದ್ದ ಇಡೀ ಕಟ್ಟಡ ದಬದಬನೆ ಹಿತ್ತಲಿಗೆ ನುಗ್ಗಿತು. ಮಾವ ಒಗೆಯುವ ಕಲ್ಲಿನ ಮೇಲೆ ಧುಮುಕಿ, ಅಲ್ಲಿಂದ ನೆಲಕ್ಕೆ ಜಾರಿ, ಕಟ್ಟಡದ ಇನ್ನೊಂದು ಪಕ್ಕದಿಂದ ಓಡಿ ಗೇಟಿನ ಹೊರಗೆ ಹೋದರು. ಒಂದು ಉಸಿರೆಳೆದುಕೊಂಡು, ಪೈಜಾಮ ಇಳಿಬಿಟ್ಟು, ಈಗತಾನೆ ಬಸ್ಸಿಳಿದವರ ಗತ್ತಿನಲ್ಲಿ ಮತ್ತೆ ಗೇಟಿನ ಒಳಗೆ ಬಂದರು.

“ಮಾವ ಬಂದ್ರು!” ಟೀಚರಮ್ಮ ಹೆಚ್ಚುಕಡಿಮೆ ಅಳುತ್ತಲೇ ಓಡಿ ಬಂದರು. “ಮಾವ, ನನ್ನ ಕೀ...”

“ತಗೊಳ್ಳಿ,” ಎಂದು ಮಾವ ಮುಷ್ಟಿ ಬಿಚ್ಚಿದರು.

ಟೀಚರಮ್ಮ ಮೆಟ್ಟಿಲು ಹಾರಿಕೊಂಡು ಹೋದರು. ಮೇಲೆ ಕುಕ್ಕರ್ ಕೊನೆಯ ಬಾರಿ ಕೂಗಿ ತಣ್ಣಗಾಯಿತು. ಟೈಲರಣ್ಣ ಮಾತ್ರ ಅಳತೆ ತೆಗೆಯುವವನಂತೆ ಮಾವನನ್ನು ಮೇಲಿನಿಂದ ಕೆಳಗೆ ನೋಡುತ್ತಿದ್ದ.

“ಪೈಜಾಮದಲ್ಲೇ ಪರ ಊರಿಗೆ ಹೋಗಿದ್ರಾ ಮಾವ?”

“ಸೆಕೆ ಕಣಯ್ಯಾ.”

“ಬರಿಗಾಲಲ್ಲಿ?”

“ಚಪ್ಪಲಿ ಬಸ್ಸಲ್ಲಿ ಕಿತ್ತುಹೋಯ್ತು.”

“ಟೀಚರಮ್ಮನ ಕೀ ಕೈಯಲ್ಲೇ ಹಿಡ್ಕೊಂಡು ಓಡಾಡ್ತೀರಾ?”

“ಅವರ ಮರೆವಿನ ಮೇಲೆ ನನಗೆ ಪೂರ್ತಿ ಭರವಸೆ,” ಎಂದರು ಮಾವ. ಅಷ್ಟರಲ್ಲಿ ಮ್ಯಾನೇಜರ್ ಕೊಡೆಯನ್ನು ಕತ್ತಿಯಂತೆ ಹಿಡಿದು ಬಂದರು. ಹಿಂದೆ ಅಜ್ಜಿ.

“ಕಳ್ಳ ನುಗ್ಗಿದಾನೆ! ಅಮ್ಮ ಕಣ್ಣಾರೆ ನೋಡಿದಾರೆ. ಹೇಗಿದ್ದ ಅಮ್ಮಾ?”

“ಒಳ್ಳೆ ಆಳು,” ಎಂದರು ಅಜ್ಜಿ. “ವಯಸ್ಸು ಇಪ್ಪತ್ತೈದರ ಮೇಲಿಲ್ಲ. ಕಾಲು ನೋಡಿದ್ರೇ ಗೊತ್ತಾಗಲ್ವಾ? ಉಕ್ಕಿನ ಹಾಗಿತ್ತು.”

ಮಾವನಿಗೆ ಎದೆಯಲ್ಲಿ ಏನೋ ಅರಳಿದಂತಾಯಿತು. “ಇಪ್ಪತ್ತೈದಾ? ಸರಿಯಾಗಿ ನೋಡಿದ್ರಾ ಅಜ್ಜಿ?” ಎಂದು ಇನ್ನೊಮ್ಮೆ ಕೇಳಿ ಹೇಳಿಸಿಕೊಂಡರು.

ಕಳ್ಳನ ಬೇಟೆ ಶುರುವಾಯಿತು. ಮುಂದಾಳು ಯಾರು? ಮಾವ ಇರುವಾಗ ಆ ಪ್ರಶ್ನೆಯೇ ಏಳಲಿಲ್ಲ. ಮಾವ ತಮ್ಮನ್ನು ತಾವೇ ಹುಡುಕುತ್ತಾ ಮೇಲಿನ ಟ್ಯಾಂಕಿನ ತನಕ ಹತ್ತಿದರು, ಪಂಪಿನ ಕೋಣೆಗೆ ಇಳಿದರು, ಮ್ಯಾನೇಜರಿಗೆ ಸಮಾಧಾನವಾಗಲೆಂದು ಮತ್ತೆ ಹತ್ತಿದರು. ಹಾದಿಯಲ್ಲಿ ಮೆಟ್ಟಿಲ ದೀಪವೊಂದರ ತಂತಿ ಸಡಿಲವಾಗಿದ್ದದ್ದು ಕಣ್ಣಿಗೆ ಬಿತ್ತು. ಅದನ್ನೂ ಬಿಗಿ ಮಾಡಿದರು. ಹಿತ್ತಲಿಗೆ ಬಂದಾಗ ಟೈಲರಣ್ಣ ಬೆರಳು ತೋರಿಸಿ ಕಿರುಚಿದ.

“ಮಾವ! ನಿಮ್ಮ ಬಾಲ್ಕನಿ ಬಾಗಿಲು ತೆರೆದಿದೆ! ನಿಮ್ಮನೇಲೇ ಇದಾನೆ! ಬೀಗ ತೆಗೀರಿ, ಹಿಡಿಯೋಣ!”

ಮಾವ ಜೇಬಿಗೆ ಕೈ ಹಾಕಿದರು. ಜೇಬಿನಲ್ಲಿ ಕೈ ಬಿಟ್ಟರೆ ಏನೂ ಇರಲಿಲ್ಲ. ಬೀಗದಕೈ ಹೆಂಡತಿಯ ಚೀಲದಲ್ಲಿ; ಹೆಂಡತಿ ಬರುವ ಹೊತ್ತು ಹತ್ತಿರವಾಗಿತ್ತು. ಮಾವ ಏಣಿಯನ್ನು ನೋಡಿದರು. ಕಷ್ಟದಲ್ಲಿದ್ದವರಿಗೆ ದಾರಿ ಹೀಗೆ ಗೋಡೆಗೇ ಆತುಕೊಂಡು ನಿಂತಿರುತ್ತದೆಂದು ಅವರು ಎಣಿಸಿರಲಿಲ್ಲ.

“ಯಾರೂ ಮುಂದೆ ಬರಬೇಡಿ,” ಎಂದರು ಗಂಭೀರವಾಗಿ. “ನಾನೊಬ್ಬನೇ ಹೋಗ್ತೀನಿ.”

“ಬೇಡ ಮಾವ! ಈ ವಯಸ್ಸಲ್ಲಿ! ಬೀಪಿ!”

ಮಾವ ಆಗಲೇ ಏಣಿಯ ಮೇಲಿದ್ದರು. ಕೆಳಗೆ ಎಲ್ಲರೂ ಬಾಯಿ ತೆರೆದು ನೋಡುತ್ತಿರುವಂತೆ ಕಂಬಿ ದಾಟಿ ಒಳಹೊಕ್ಕರು. “ಎಲ್ಲೋ ನೀನು?” ಎಂದು ಗದರಿದರು. ತಾವೇ ಒಂದು ಪಾತ್ರೆ ಉರುಳಿಸಿದರು. ಬಾಲ್ಕನಿಗೆ ಬಂದು, “ಯಾರೂ ಇಲ್ಲ. ಓಡಿಹೋಗಿದಾನೆ. ನಾನಿನ್ನು ಸ್ವಲ್ಪ ಮಲಗ್ತೀನಿ,” ಎಂದರು. ಕೆಳಗೆ ಚಪ್ಪಾಳೆ ಬಿತ್ತು.

“ಎಲ್ಲರೂ ನಮ್ಮನೆಗೆ ಬನ್ನಿ,” ಮ್ಯಾನೇಜರ್ ಕೂಗಿ ಹೇಳಿದ್ದು ಕೇಳಿಸಿತು. “ಇದಕ್ಕೊಂದು ಸಭೆ ಆಗಲೇಬೇಕು.”

ಸದ್ಯ, ಎಲ್ಲರೂ ಒಳಗೆ ಸೇರಿಕೊಂಡರು, ಗೇಟಿನಲ್ಲಿ ಹೆಂಡತಿಗೆ ಚಾಡಿ ಹೇಳುವವರು ಯಾರೂ ಇಲ್ಲ ಎಂದು ಮಾವ ನಿಟ್ಟುಸಿರಿಟ್ಟರು. ಅಂಗಾಲು ಒರೆಸಿ, ಹೊದಿಕೆ ಎಳೆದುಕೊಂಡು ಕಣ್ಣು ಮುಚ್ಚಿದರು. ಬೀಗ ತೆಗೆದ ಸದ್ದು ಕೇಳಿದಾಗ ಎಂಥ ಸೊಗಸಾದ ಗೊರಕೆ ಹೊಡೆದರೆಂದರೆ, ನಿಜವಾದ ನಿದ್ದೆಯಲ್ಲೂ ಅವರಿಗೆ ಅದು ಬಂದಿರಲಿಲ್ಲ.

“ಮಲಗಿದ್ರಾ?” ಎಂದರು ಹೆಂಡತಿ.

“ಹೂಂ... ಆಗಲೇ ಸಂಜೆ ಆಯ್ತಾ?”

ಹೆಂಡತಿ ಬೇರೇನೂ ಕೇಳಲಿಲ್ಲ. ಮಾವ ಪೈಜಾಮ ಕಳಚಿ ಬಕೆಟ್ಟಿಗೆ ಹಾಕಿ, ಪ್ಯಾಂಟು ತೊಟ್ಟು, ತೀರ್ಪು ಕೇಳಲು ಹೊರಟವರಂತೆ ಹೆಂಡತಿಯೊಂದಿಗೆ ಕ್ಲಿನಿಕ್ಕಿಗೆ ನಡೆದರು. ಮನಸ್ಸಿನಲ್ಲೇ ಹಲಗೆಯ ಒಂದೊಂದು ದಾರಕ್ಕೂ ವಿದಾಯ ಹೇಳುತ್ತಿದ್ದರು: ಹಳದಿ, ನೀಲಿ, ಟೈಲರಣ್ಣನೇ ಕೊಟ್ಟ ಕೆಂಪು.

ಡಾಕ್ಟರಮ್ಮ ಪಟ್ಟಿ ಸುತ್ತಿದರು. ಗಾಳಿ ತುಂಬಿ ಬಿಟ್ಟರು. ಹುಬ್ಬು ಮೇಲೇರಿತು. ಇನ್ನೊಂದು ತೋಳಿಗೂ ಸುತ್ತಿದರು.

“ಮಾವ! ಎಷ್ಟು ಚೆನ್ನಾಗಿ ಇಳಿದಿದೆ!” ಎಂದರು. “ಮುಖದಲ್ಲೂ ಏನೋ ಕಳೆ ಇದೆ. ಇವತ್ತು ಮಧ್ಯಾಹ್ನ ಏನು ಮಾಡಿದ್ರೋ ಅದನ್ನೇ ದಿನಾ ಮಾಡಿ. ಒಂದಿನಾನೂ ತಪ್ಪಿಸಬೇಡಿ.”

“ಅದನ್ನೇನಾ ಡಾಕ್ಟ್ರೇ?” ಎಂದರು ಹೆಂಡತಿ. “ಒಂಚೂರೂ ವ್ಯತ್ಯಾಸ ಇಲ್ಲದ ಹಾಗೆ?”

“ಒಂಚೂರೂ ವ್ಯತ್ಯಾಸ ಬೇಡ.”

ಮಾವ ಹಗುರಾಗಿ ಹೊರಬಂದರು. ಹಲಗೆ ಉಳಿಯಿತು. ಇನ್ನು ದಿನಾ ಮಧ್ಯಾಹ್ನ ನಿಜವಾಗಿಯೂ ಮಲಗಬೇಕು, ಎರಡು ಗಂಟೆ ಹೊಡೆದರೆ ಲೋಕ ಮುಳುಗಿದರೂ ಏಳಬಾರದು ಎಂದು ನಿರ್ಧರಿಸಿದರು.

ಗೇಟಿನಲ್ಲಿ ಇಡೀ ಕಟ್ಟಡ ನೆರೆದಿತ್ತು. ಮ್ಯಾನೇಜರ್ ಗಂಟಲು ಸರಿಮಾಡಿಕೊಂಡರು. “ಸಭೆ ಒಮ್ಮತದಿಂದ ತೀರ್ಮಾನ ಮಾಡಿದೆ. ಕಳ್ಳ ಬಂದದ್ದು ಮಧ್ಯಾಹ್ನದ ಹೊತ್ತು. ಆದ್ದರಿಂದ ನಾಳೆಯಿಂದ ದಿನಾ ಮಧ್ಯಾಹ್ನ ಎರಡರಿಂದ ನಾಲ್ಕರ ತನಕ ಕಾವಲು. ಟ್ಯಾಂಕಿನಿಂದ ಪಂಪಿನ ತನಕ ಸುತ್ತಬೇಕು. ನಾಯಕರು ನೀವೇ.”

“ನಿಮಗಿಂತ ಚೆನ್ನಾಗಿ ಕಳ್ಳನ ದಾರಿ ಯಾರಿಗೆ ಗೊತ್ತು ಮಾವ?” ಎಂದ ಟೈಲರಣ್ಣ, ಮುಖದಲ್ಲಿ ಒಂದು ಗೆರೆಯೂ ಅಲುಗದಂತೆ.

“ಆ ಹೊತ್ತು ನಾನು... ಮಲಗಬೇಕು...” ಎಂದು ಮಾವ ತೊದಲಿದರು. ಕಳ್ಳನೇ ಇರಲಿಲ್ಲ ಎಂದು ಹೇಳುವ ಹಾಗಿಲ್ಲ. ಕೊನೆಯ ಆಸರೆಯೆಂಬಂತೆ ಹೆಂಡತಿಯತ್ತ ತಿರುಗಿದರು. “ನೀನಾದ್ರೂ ಹೇಳೇ.”

“ನಾನೇನು ಹೇಳೋದು?” ಎಂದರು ಹೆಂಡತಿ ಮುಗ್ಧವಾಗಿ. “ಮನೆ ಬೀಗ ತೆಗೆಯೋ ಮೊದಲೇ ಸಭೆಯಲ್ಲಿ ನಾನೂ ಕೈ ಎತ್ತಿ ಬಂದಿದೀನಿ. ಇವತ್ತು ಮಾಡಿದ್ದನ್ನೇ ದಿನಾ ಮಾಡಿ ಅಂತ ಈಗ ಡಾಕ್ಟ್ರೂ ಹೇಳಿದಾರಲ್ಲ.”

ಮಾವ ಗೇಟು ದಾಟಿದರು. ಮೆಟ್ಟಿಲು ಹತ್ತಿ ಒಳಗೆ ಬಂದು ಹಲಗೆಯ ಮುಂದೆ ಕುರ್ಚಿ ಎಳೆದುಕೊಂಡು ಕುಳಿತರು. ಹೆಂಡತಿ ಕರೆಗಂಟೆಯ ತಂತಿಯನ್ನು ಮತ್ತೆ ಜೋಡಿಸಿದರು. ಅದು ಕೂಡಲೇ ಬಡಿದುಕೊಳ್ಳತೊಡಗಿತು. ಹೆಂಡತಿ ಬಚ್ಚಲಿಗೆ ಹೋಗಿ ಬಕೆಟ್ಟಿನಿಂದ ಪೈಜಾಮ ಎತ್ತಿ ಹಿಡಿದು ಹೊರಬಂದರು. ಎರಡೂ ಮೊಣಕಾಲಿನ ಮೇಲೆ ಏಣಿಯ ತುಕ್ಕು ಕೆಂಪಗೆ ಬಳಿದುಕೊಂಡಿತ್ತು.

“ಈ ಕಲೆ ಜಪ್ಪಯ್ಯ ಅಂದ್ರೂ ಹೋಗಲ್ಲ,” ಎಂದರು. “ನಾಳೆ ಕಾವಲಿಗೂ ಇದನ್ನೇ ಹಾಕ್ಕೊಳ್ಳಿ.”